ಒಂಬತ್ತರ ಮೈಗೆ ಹದಿನಾಲ್ಕರ ತುದಿ

ಆ ಕಾರ್ಖಾನೆಯಲ್ಲಿ ಆರುನೂರು ಜನ ಹೊಲಿಯುತ್ತಿದ್ದರು. ಸೂಜಿಗಳು ಮಾತ್ರ ಒಬ್ಬಳ ಸುಪರ್ದಿನಲ್ಲಿದ್ದವು. ಅವಳನ್ನು ಎಲ್ಲರೂ ಸೂಜಿಯಕ್ಕ ಅನ್ನುತ್ತಿದ್ದರು. ಅವಳಿಗಿಂತ ಹಿರಿಯರು ಕೂಡ ಹಾಗೇ ಕರೆಯುತ್ತಿದ್ದರು. ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಮತ್ತಾರಿಗೂ ಬೇಕಾಗಿರಲಿಲ್ಲ.

ಹೊಲಿಗೆಯ ಹಾಲಿನ ಮೂಲೆಯಲ್ಲಿ ತಂತಿ ಜಾಲರಿಯ ಒಂದು ಪುಟ್ಟ ಗೂಡು. ಒಳಗೊಂದು ಮೇಜು, ಬೀಗ ಹಾಕುವ ಡ್ರಾಯರು, ಬಿಳಿ ಕಾಗದದ ಉದ್ದನೆ ರಿಜಿಸ್ಟರು, ಪಾರದರ್ಶಕ ಟೇಪು. ಹೊಸ ಸೂಜಿ ಬೇಕಾದರೆ ಹಳೆಯದನ್ನು ತಂದು ಜಾಲರಿಯ ಕಿಂಡಿಯಲ್ಲಿ ಒಪ್ಪಿಸಬೇಕು. ಸೂಜಿ ಮುರಿದಿದ್ದರೆ ಅದರ ಎಲ್ಲ ಚೂರುಗಳನ್ನೂ ತರಬೇಕು. ಸೂಜಿಯಕ್ಕ ಆ ಚೂರುಗಳನ್ನು ಬಿಳಿ ಕಾಗದದ ಮೇಲೆ ಒಂದರ ಪಕ್ಕ ಒಂದಿಟ್ಟು, ಪೂರ್ತಿ ಸೂಜಿಯ ಆಕಾರ ಬಂತೇ ನೋಡಿ, ಟೇಪು ಅಂಟಿಸಿ, ಪಕ್ಕದಲ್ಲಿ ತಾರೀಕು, ಹೊತ್ತು, ಯಂತ್ರದ ಸಂಖ್ಯೆ, ಸೂಜಿಯ ನಂಬರು, ಚೂರು ಎಷ್ಟು, ಸಿಕ್ಕಿದ್ದು ಎಷ್ಟು ಎಂದು ಬರೆದು ಸಹಿ ಹಾಕಬೇಕು. ಒಂದು ಚೂರು ಕಡಿಮೆಯಾದರೂ ಆ ಯಂತ್ರ ನಿಲ್ಲಬೇಕು. ಸುತ್ತಮುತ್ತಲಿನ ಬಟ್ಟೆಯೆಲ್ಲ ಲೋಹ ಪತ್ತೆ ಮಾಡುವ ಯಂತ್ರದೊಳಗೆ ಹಾದು ಬರಬೇಕು. ಆ ಯಂತ್ರ ಜಾಲರಿ ಗೂಡಿನಿಂದ ಹತ್ತು ಹೆಜ್ಜೆ ದೂರದಲ್ಲಿತ್ತು. ಒಳಗೆ ಗುಂಡುಪಿನ್ನು ಹೋದರೂ ಹೆರಿಗೆ ನೋವು ಬಂದವರ ಹಾಗೆ ಕೂಗಿಕೊಳ್ಳುತ್ತಿತ್ತು.

ಅಲ್ಲಿ ಹೊಲಿಯುತ್ತಿದ್ದದ್ದು ಮಕ್ಕಳ ಬಟ್ಟೆ. ಎಲ್ಲೋ ದೂರದ ಊರಿನ ಮಗುವಿನ ಮೈಗೆ ಮುರಿದ ಸೂಜಿಯ ಚೂರು ಚುಚ್ಚಿದರೆ ಇಲ್ಲಿ ಆರುನೂರು ಜನರ ಅನ್ನಕ್ಕೆ ಕಲ್ಲು ಬೀಳುತ್ತದೆ ಎಂದು ಹೊಸದಾಗಿ ಬಂದವರಿಗೆಲ್ಲ ಮ್ಯಾನೇಜರು ಭಾಷಣ ಮಾಡುತ್ತಿದ್ದ. ನಿಯಮ ಒಳ್ಳೆಯದೇ. ಮಗುವಿಗೆ ಸೂಜಿ ಚುಚ್ಚಬಾರದು ಎನ್ನುವುದರಲ್ಲಿ ಯಾರಿಗೂ ಎರಡು ಮಾತಿರಲಿಲ್ಲ. ಆ ನಿಯಮದಲ್ಲಿ ಹೊಲಿಯುವವರ ಬೆರಳಿನ ಸುದ್ದಿಯೇ ಇಲ್ಲ ಎಂಬುದನ್ನು ಯಾರೂ ಗಮನಿಸಿರಲಿಲ್ಲ. ಮೂಗಿಗಿಂತ ಮೂಗುತಿ ಭಾರವಾದಾಗ ನೋಡುವವರ ಕಣ್ಣು ಮೂಗುತಿಯ ಮೇಲೇ ಇರುತ್ತದೆ.

ಸೂಜಿಯಕ್ಕನಿಗೆ ತನ್ನ ರಿಜಿಸ್ಟರಿನ ಬಗ್ಗೆ ಬಹಳ ಹೆಮ್ಮೆ. ಹತ್ತನೆಯ ಇಯತ್ತೆ ಮುಗಿಸಿದವಳು, ಅಕ್ಷರ ಅಚ್ಚಿನ ಹಾಗೆ. ತಪ್ಪು ಬರೆದರೆ ಅದರ ಮೇಲೆ ಒಂದು ಗೀಟು ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಮತ್ತೊಂದು ಸಹಿ ಹಾಕುವುದು ಅಲ್ಲಿನ ಕ್ರಮ. ಸೂಜಿಯಕ್ಕನ ರಿಜಿಸ್ಟರುಗಳಲ್ಲಿ ಒಂದೇ ಒಂದು ಗೀಟು ಇರಲಿಲ್ಲ. ಕೈಗಡಿಯಾರ ರಿಪೇರಿ ಮಾಡುವ ಅವಳ ಗಂಡ ಆಗಾಗ ಚೇಷ್ಟೆ ಮಾಡುತ್ತಿದ್ದ. "ನಿನ್ನ ಹಣೇಬರಹಾನೂ ನೀನೇ ಬರ್ಕೊಂಡಿದ್ರೆ ಚೆನ್ನಾಗಿರ್ತಿತ್ತು ಕಣೇ. ನನ್ನಂಥವನು ಗಂಟು ಬೀಳ್ತಿರ್ಲಿಲ್ಲ."

"ಅಲ್ಲೂ ತಪ್ಪಿಲ್ಲ ಬಿಡಿ. ಅಕ್ಷರ ಸ್ವಲ್ಪ ಸೊಟ್ಟಗೆ ಬಂದಿದೆ ಅಷ್ಟೇ," ಎನ್ನುತ್ತಿದ್ದಳು ಅವಳು.

ಹೊಲಿಯುವವರಲ್ಲಿ ಒಬ್ಬಳನ್ನು ನೆರಿಗೆ ಎಂದು ಕರೆಯುತ್ತಿದ್ದರು. ಮಗುವಿನ ಫ್ರಾಕಿನ ಸೊಂಟಕ್ಕೆ ನೆರಿಗೆ ಹಿಡಿದು ಕೂಡಿಸುವ ಕೆಲಸ ಅವಳದು. ಏಳು ವರ್ಷದಿಂದ ಅದೊಂದೇ ಕೆಲಸ. ಇಪ್ಪತ್ತಾರು ವರ್ಷದ ಹೆಂಗಸು, ಚುರುಕು ಕೈ, ಅದಕ್ಕಿಂತ ಚುರುಕು ನಾಲಿಗೆ. ಅವರ ಸಾಲಿನ ಸೂಪರ್‌ವೈಸರು ಬಾಯಿ ಬಿಟ್ಟರೆ "ಅರ್ಜೆಂಟು" ಅನ್ನುತ್ತಿದ್ದ. ಅವನಿಗೆ ಅರ್ಜೆಂಟಪ್ಪ ಎಂದು ನಾಮಕರಣ ಮಾಡಿದವಳು ಅವಳೇ. ಆ ಹೆಸರು ಒಂದೇ ವಾರದಲ್ಲಿ ಗೇಟಿನ ಕಾವಲುಗಾರನವರೆಗೆ ಹಬ್ಬಿತ್ತು. ಅರ್ಜೆಂಟಪ್ಪನಿಗೂ ಗೊತ್ತಿತ್ತು. ಸಿಟ್ಟು ಮಾಡಿಕೊಳ್ಳಲು ಅವನಿಗೆ ಪುರುಸೊತ್ತಿರಲಿಲ್ಲ.

ಮಧ್ಯಾಹ್ನದ ಊಟ ಮುಗಿದು ಅರ್ಧ ಗಂಟೆಯಾಗಿತ್ತು. ಬಿಳಿ ಫ್ರಾಕುಗಳ ಆರ್ಡರು. ಮಾರನೆಯ ದಿನ ಬೆಳಿಗ್ಗೆ ಲಾರಿ ಹೊರಡಬೇಕಿತ್ತು. ನೆರಿಗೆ ಜಾಲರಿಯ ಬಳಿ ಬಂದು ಒಂದು ಕೈಯಲ್ಲಿ ಎರಡು ಚೂರುಗಳನ್ನು ಮೇಜಿನ ಮೇಲಿಟ್ಟಳು. ಇನ್ನೊಂದು ಕೈಯ ತೋರುಬೆರಳಿಗೆ ಬಟ್ಟೆಯ ಚಿಂದಿ ಸುತ್ತಿತ್ತು. ಚಿಂದಿ ಕೆಂಪಾಗಿತ್ತು.

"ಬಟ್ಟೆಗೆ ರಕ್ತ ತಾಗಿಲ್ಲ ಅಕ್ಕಾ," ಎಂದಳು ಮೊದಲಿಗೆ. ಅಲ್ಲಿ ಹೊಲಿಯುವ ಯಾರೇ ಆಗಲಿ ಮೊದಲು ಹೇಳುತ್ತಿದ್ದದ್ದು ಅದನ್ನೇ. "ಕೈ ತಕ್ಷಣ ಎಳ್ಕೊಂಡೆ. ಬುಡ ಯಂತ್ರದಲ್ಲೇ ಇತ್ತು, ಈ ಚೂರು ಮೇಜಿನ ಮೇಲೆ ಬಿದ್ದಿತ್ತು. ತುದಿ ಸಿಗ್ತಿಲ್ಲ. ಒಳಗೇ ಉಳೀತೋ ಏನೋ, ಒಂಥರಾ ಕುಟುಕ್ತಿದೆ."

ಸೂಜಿಯಕ್ಕ ಕಿಂಡಿಯಲ್ಲಿ ಕೈ ಚಾಚಿ ಚಿಂದಿ ಬಿಚ್ಚಿ ನೋಡಿದಳು. ಉಗುರಿನ ಪಕ್ಕ ಒಂದು ಚುಕ್ಕೆ. ಒತ್ತಿದಳು. ರಕ್ತ ಒಂದು ಹನಿ ಬಂತು, ಮತ್ತೇನೂ ಕಾಣಲಿಲ್ಲ.

"ಎಲ್ಲೋ ನೆಲಕ್ಕೆ ಬಿದ್ದಿರುತ್ತೆ ಬಿಡೇ. ಮೊದಲು ಬಟ್ಟೆ ನೋಡೋಣ."

ಬಟ್ಟೆ ನೋಡಿದರು. ನೆರಿಗೆಯ ಮುಂದಿದ್ದ ರಾಶಿ, ಹಿಂದಿದ್ದ ರಾಶಿ, ಪಕ್ಕದವರ ರಾಶಿ, ಎಲ್ಲವೂ ಪತ್ತೆ ಯಂತ್ರದ ಪಟ್ಟಿಯ ಮೇಲೆ ಮಲಗಿ ಒಳಗೆ ಹೋಗಿ ಆಚೆ ಬಂದವು. ಯಂತ್ರ ತುಟಿ ಪಿಟಕ್ಕೆನ್ನಲಿಲ್ಲ. ನೆಲಕ್ಕೆ ಅಯಸ್ಕಾಂತದ ಕೋಲು ಆಡಿಸಿದರು. ಕುರ್ಚಿಯ ಕೆಳಗೆ, ಪೆಡಲಿನ ಸಂದಿಯಲ್ಲಿ, ನೆರಿಗೆಯ ಚಪ್ಪಲಿಯ ಅಡಿಯಲ್ಲಿ ಕೂಡ ಹುಡುಕಿದರು. ಒಂದೂವರೆ ಗಂಟೆ ಹೋಯಿತು. ಅಷ್ಟು ಹೊತ್ತೂ ಅವಳು ಬೆರಳು ಹಿಡಿದುಕೊಂಡು ಗೋಡೆಗೊರಗಿ ನಿಂತಿದ್ದಳು. ಕೊನೆಗೆ, "ನನ್ನ ಕೈಯನ್ನೇ ಆ ಯಂತ್ರಕ್ಕೆ ತೂರಿಸ್ಲಾ ಅಕ್ಕಾ? ಅದೊಂದು ಬಾಕಿ," ಎಂದಳು.

ಎಲ್ಲರೂ ನಕ್ಕರು. ಅರ್ಜೆಂಟಪ್ಪ, "ಆಮೇಲೆ ನಿನ್ನನ್ನೂ ಮಡಿಸಿ ಕವರಿಗೆ ಹಾಕಿ ಲಾರಿಗೆ ಏರಿಸ್ತಾರೆ," ಎಂದ. ಮತ್ತೆ ನಕ್ಕರು. ಸೂಜಿಯಕ್ಕನೂ ನಕ್ಕಳು.

ನಗುತ್ತಿರುವಾಗಲೇ ಅವಳಿಗೆ ಹೊಳೆದಿತ್ತು. ತುದಿ ಬಟ್ಟೆಯಲ್ಲಿಲ್ಲ, ನೆಲದಲ್ಲಿಲ್ಲ. ಇನ್ನೆಲ್ಲಿರಲು ಸಾಧ್ಯ? ಬಳೆ ಬಿಚ್ಚಿಸಿ ಕೈಯನ್ನು ಆ ಪಟ್ಟಿಯ ಮೇಲೆ ಇಡಿಸಿದ್ದರೆ ಅರೆ ನಿಮಿಷದಲ್ಲಿ ಯಂತ್ರವೇ ಹೇಳುತ್ತಿತ್ತು. ತಮಾಷೆ ಅಂತ ಬಂದ ಮಾತು ನಿಜವಾದ ಮಾತಾಗಿತ್ತು. ಆದರೆ ಯಂತ್ರ ಕೂಗಿದರೆ ಆಸ್ಪತ್ರೆ, ಆಸ್ಪತ್ರೆಯಾದರೆ ಅಪಘಾತದ ವರದಿ, ವರದಿಯಾದರೆ ಲಾರಿ ನಿಲ್ಲುವುದು. ಇದೆಲ್ಲ ಅವಳ ತಲೆಯಲ್ಲಿ ಸರಸರನೆ ಹಾದುಹೋಯಿತು.

ಅರ್ಜೆಂಟಪ್ಪ ಜಾಲರಿಗೆ ಬಾಯಿ ಹತ್ತಿರ ತಂದು ಮೆಲ್ಲಗೆ, "ಬಟ್ಟೆ ಶುದ್ಧ ಇದೆ ಅಂತ ಯಂತ್ರವೇ ಹೇಳಿದೆಯಲ್ಲ ಅಕ್ಕಾ. ಮಗುವಿಗೆ ಚುಚ್ಚಲ್ಲ. ಅಷ್ಟೇ ತಾನೇ ಬೇಕಾಗಿರೋದು? ಒಂದು ತುದಿಗೆ ನಿಮ್ಮ ಡಬ್ಬದಲ್ಲಿ ಬರವಾ?" ಎಂದ.

ದಿನವೂ ಸಂಜೆ ಗುಡಿಸುವಾಗ ಅಯಸ್ಕಾಂತಕ್ಕೆ ಅಂಟಿಕೊಂಡು ಬರುತ್ತಿದ್ದ, ಯಾರದೆಂದು ಗೊತ್ತಿಲ್ಲದ ಚೂರುಗಳನ್ನು ಸೂಜಿಯಕ್ಕ ಒಂದು ತಗಡಿನ ಡಬ್ಬದಲ್ಲಿ ಹಾಕಿಡುತ್ತಿದ್ದಳು. ಡಬ್ಬ ತೆರೆದಳು. ಅಂದು ಅದರಲ್ಲಿದ್ದದ್ದು ಜಾಕೆಟ್ ಹೊಲಿಯುವ ಸಾಲಿನ ಹದಿನಾಲ್ಕನೆ ನಂಬರಿನ ಚೂರುಗಳು. ಸೂಜಿಯ ನಂಬರು ದೊಡ್ಡದಾದಷ್ಟೂ ಸೂಜಿ ದಪ್ಪ. ಫ್ರಾಕಿನ ತೆಳು ಬಟ್ಟೆಗೆ ಬಳಸುತ್ತಿದ್ದದ್ದು ಒಂಬತ್ತು. ಅವಳು ನೆರಿಗೆ ತಂದುಕೊಟ್ಟ ಎರಡು ಚೂರುಗಳ ಪಕ್ಕ ಆ ದಪ್ಪ ತುದಿಯನ್ನಿಟ್ಟಳು. ಒಂಬತ್ತರ ಮೈಗೆ ಹದಿನಾಲ್ಕರ ತುದಿ. ಬೇರೆಯವರ ಮೂಗು ತಂದು ಅಂಟಿಸಿದ ಹಾಗೆ. ಟೇಪು ಎಳೆದು ಒತ್ತಿದಳು. ಚೂರು ಮೂರು, ಸಿಕ್ಕಿದ್ದು ಮೂರು ಎಂದು ಬರೆದಳು. ಅಕ್ಷರ ಎಂದಿನ ಹಾಗೆಯೇ ಅಚ್ಚುಕಟ್ಟಾಗಿ ಬಂತು.

"ಸಿಕ್ತಂತೆ," ಎಂದು ಅರ್ಜೆಂಟಪ್ಪ ಕೂಗಿ ಹೇಳಿದ. ಯಂತ್ರಗಳು ಶುರುವಾದವು. ಸೂಜಿಯಕ್ಕ ಕಿಂಡಿಯಲ್ಲಿ ಹೊಸ ಸೂಜಿ ಕೊಟ್ಟಳು. "ನನ್ನ ತುದಿ ಎಲ್ಲಿತ್ತು ಅಕ್ಕಾ?" ಎಂದು ಕೇಳಿದಳು ನೆರಿಗೆ.

"ಪೆಡಲಿನ ಸಂದಿಯಲ್ಲಿತ್ತು. ಹೋಗು, ಅರಿಶಿನ ಒತ್ತಿಕೋ."

ಅವಳು ನಂಬಿ ಹೋದಳು.

ಆ ಸಂಜೆ ಮನೆಯಲ್ಲಿ ಗಂಡ ಕಿಟಕಿಯ ಬಳಿ ಕೂತು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಪಕ್ಕದ ಮನೆಯ ಬಡಗಿಯ ಅಂಗೈಯಿಂದ ಮರದ ಸಿಬಿರು ತೆಗೆಯುತ್ತಿದ್ದ. ಗಡಿಯಾರದ ಚಿಮಟ ಇದ್ದದ್ದರಿಂದ ಕೇರಿಯವರ ಮುಳ್ಳು, ಗಾಜು, ಸಿಬಿರೆಲ್ಲ ಅವನ ಪಾಲಿಗೇ ಬರುತ್ತಿದ್ದವು. ಸೂಜಿಯಕ್ಕ ಅದನ್ನು ನೋಡುತ್ತ ಬಾಗಿಲಲ್ಲೇ ನಿಂತಳು. ನಾಳೆ ನೆರಿಗೆಯನ್ನು ಮನೆಗೆ ಕರೆದು ತಂದರೆ ಹೇಗೆ ಎಂದುಕೊಂಡಳು. ಕರೆದರೆ, ಸಿಕ್ಕಿದೆ ಅಂದ ತುದಿ ಮತ್ತೆ ಯಾಕೆ ಹುಡುಕುತ್ತೀರಿ ಎಂದು ಅವಳು ಕೇಳುತ್ತಾಳಲ್ಲ? ಸುಮ್ಮನಾದಳು.

ನಾಲ್ಕನೆಯ ದಿನ ಬೆರಳು ಬಾತಿತು. ಎಂಟನೆಯ ದಿನ ನೆರಿಗೆ ಕೆಲಸಕ್ಕೆ ಬರಲಿಲ್ಲ. ಹನ್ನೆರಡನೆಯ ದಿನ ಬಂದವಳ ಕೈಯಲ್ಲಿ ಎಕ್ಸ್-ರೇ ಹಾಳೆಯಿತ್ತು. ಬೆಳಕಿಗೆ ಹಿಡಿದರೆ ಬೂದು ಬಣ್ಣದ ಮೂಳೆಯ ಪಕ್ಕ ಬೆಳ್ಳನೆ ಗೆರೆ, ಅಕ್ಕಿನುಚ್ಚಿನಷ್ಟು. ಡಾಕ್ಟರು ಕೀವು ಮೂಳೆಗೆ ಇಳಿದಿದೆ, ಬೇಗ ಕೊಯ್ಯಬೇಕು ಅಂದಿದ್ದರು. ಕಾರ್ಖಾನೆಯವರು ಇದು ಇಲ್ಲೇ ಆದದ್ದು ಎಂದು ಒಪ್ಪಿ ಒಂದು ಚೀಟಿ ಬರೆದುಕೊಟ್ಟರೆ ಕಾರ್ಮಿಕರ ಆಸ್ಪತ್ರೆಯಲ್ಲಿ ಅದೇ ದಿನ ಸೇರಿಸಿಕೊಳ್ಳುತ್ತಿದ್ದರು.

ಮ್ಯಾನೇಜರು ರಿಜಿಸ್ಟರು ತರಿಸಿದ. ಅರ್ಜೆಂಟಪ್ಪ ಪುಟ ತೆರೆದು ನೆರಿಗೆಯ ಮುಖದ ಮುಂದೆ ಹಿಡಿದ. ಸೂಜಿಯಕ್ಕನನ್ನೂ ಕರೆಸಿದ್ದರು.

"ಇದು ನಿಮ್ಮ ಅಕ್ಷರವಾ?" ಎಂದ ಮ್ಯಾನೇಜರು.

"ಹೌದು ಸಾರ್."

"ಮೂರು ಚೂರು, ಮೂರೂ ಸಿಕ್ಕಿದೆ. ಹಾಗಾದ್ರೆ ಇವಳ ಬೆರಳಲ್ಲಿರೋದು ಯಾವ ಸೂಜಿ?"

ಸೂಜಿಯಕ್ಕ ನೆಲ ನೋಡಿದಳು.

"ಮನೆಯಲ್ಲೂ ಹೊಲೀತಾಳೆ ಸಾರ್. ಅಲ್ಲಿ ಚುಚ್ಚಿಕೊಂಡು ಇಲ್ಲಿ ತಂದಿದ್ದಾಳೆ," ಎಂದ ಅರ್ಜೆಂಟಪ್ಪ.

ನೆರಿಗೆ ಪುಟವನ್ನು ನೋಡಿದಳು. ಆಮೇಲೆ ಸೂಜಿಯಕ್ಕನನ್ನು ನೋಡಿದಳು. ಅಷ್ಟು ಮಾತಿನ ಮಲ್ಲಿ ಆ ಕೋಣೆಯಲ್ಲಿ ಒಂದು ಮಾತೂ ಆಡಲಿಲ್ಲ. ಗೋಡೆ ಗಡಿಯಾರದ ಸದ್ದು ಕೇಳುತ್ತಿತ್ತು. ಆಮೇಲೆ ಮ್ಯಾನೇಜರು, "ಸುಳ್ಳು ಹೇಳೋರಿಗೆ ಇಲ್ಲಿ ಜಾಗ ಇಲ್ಲಮ್ಮಾ," ಎಂದು ರಿಜಿಸ್ಟರು ಮುಚ್ಚಿದ. ನೆರಿಗೆ ಎಕ್ಸ್-ರೇ ಹಾಳೆಯನ್ನು ಸುರುಳಿ ಸುತ್ತಿಕೊಂಡು ಹೊರಟುಹೋದಳು. ಚೀಟಿ ಇಲ್ಲದೆ ಅಲ್ಲಿ ಇಲ್ಲಿ ಅಲೆದು ಆಸ್ಪತ್ರೆ ಸೇರುವ ಹೊತ್ತಿಗೆ ಇನ್ನೂ ಮೂರು ವಾರವಾಗಿತ್ತು. ಬೆರಳಿನ ಮೇಲಿನ ಎರಡು ಗೆಣ್ಣುಗಳನ್ನು ತೆಗೆದರು ಎಂಬ ಸುದ್ದಿ ಊಟದ ಹೊತ್ತಿನಲ್ಲಿ ಯಾರೋ ಹೇಳಿದರು. ಸೂಜಿಯಕ್ಕ ಬಿಚ್ಚಿದ ಊಟದ ಡಬ್ಬಿಯನ್ನು ಮತ್ತೆ ಮುಚ್ಚಿದಳು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತಂದರು ಎನ್ನುವ ಗಾದೆಯನ್ನು ಅವಳು ನೂರು ಸಲ ಆಡಿದ್ದಳು. ಅದು ಇಷ್ಟು ನೆಟ್ಟಗೆ ಬಂದು ಬಡಿಯುತ್ತದೆಂದು ಅಂದುಕೊಂಡಿರಲಿಲ್ಲ.

ಮರುವರ್ಷ ಆ ಫ್ರಾಕುಗಳನ್ನು ಕೊಳ್ಳುವ ದೊಡ್ಡ ಅಂಗಡಿಗಳ ಕಂಪನಿಯಿಂದ ಒಬ್ಬ ಮೇಡಂ ಬಂದಳು. ಅಲ್ಲಿನ ಗಿರಾಕಿಗಳು ಈಚೆಗೆ ಪ್ರಶ್ನೆ ಕೇಳತೊಡಗಿದ್ದಾರೆ, ನಮ್ಮ ಮಗುವಿನ ಬಟ್ಟೆ ಹೊಲಿಯುವವರನ್ನು ಹೇಗೆ ನೋಡಿಕೊಳ್ಳುತ್ತೀರಿ ಅಂತ ಪತ್ರ ಬರೆಯುತ್ತಾರೆ, ಅದಕ್ಕೇ ಬಂದಿದ್ದೇನೆ ಎಂದು ಅವಳೇ ಹೇಳಿದಳು. ಹೆಂಗಸು ಒಳ್ಳೆಯವಳು. ಜಾಲರಿಯೊಳಗೆ ಬಂದು ಸ್ಟೂಲಿನ ಮೇಲೆ ಕೂತು ಕೇಳಿದಳು.

"ಚೂರು ಸಿಗದೇ ಇದ್ರೆ ಏನ್ ಮಾಡ್ತೀರಿ?"

"ಬಟ್ಟೆ ಎಲ್ಲ ಯಂತ್ರಕ್ಕೆ ಹಾಕ್ತೀವಿ ಮೇಡಂ."

"ಹೊಲಿಯೋರ ಕೈ ನೋಡ್ತೀರಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಸೂಜಿಯಕ್ಕನ ಕೈ ರಿಜಿಸ್ಟರಿನ ಮೇಲೆ ಹೋಯಿತು. ಬಾಗಿಲಲ್ಲಿ ಮ್ಯಾನೇಜರು ನಿಂತಿದ್ದ. ಬಾಯಿಯಲ್ಲಿ ಬಾರದ್ದನ್ನು ಅವಳು ಕೈಯಲ್ಲಿ ಮಾಡಿದಳು. ಹಳೆಯ ರಿಜಿಸ್ಟರು ತೆಗೆದು ಅದೇ ಪುಟ ಬಿಡಿಸಿ, ಆ ಮೂರು ಚೂರುಗಳ ಪಕ್ಕ ಹೆಬ್ಬೆರಳು ಊರಿ ಮೇಡಂನ ಮುಂದಿಟ್ಟಳು. ದಪ್ಪ ತುದಿ, ತೆಳು ಮೈ. ನೋಡಲಿ, ನೋಡಿ ಕೇಳಲಿ, ಕೇಳಿದರೆ ಹೇಳುತ್ತೇನೆ ಎಂದುಕೊಂಡಳು.

ಮೇಡಂ ಬಗ್ಗಿ ನೋಡಿದಳು. "ಎಷ್ಟು ಅಚ್ಚುಕಟ್ಟು! ಪ್ರತಿಯೊಂದು ಚೂರೂ!" ಎಂದು ಆ ಪುಟದ ಫೋಟೊ ತೆಗೆದುಕೊಂಡಳು. ಅವಳು ಎಣಿಸಿ ನೋಡಿದ್ದಳು. ಮೂರಕ್ಕೆ ಮೂರು ಸರಿಯಿತ್ತು. ದಪ್ಪ ನೋಡುವುದು ಹೊಲಿದವರಿಗೆ ಮಾತ್ರ ಬರುವ ವಿದ್ಯೆ.

ಸೂಜಿಯಕ್ಕ ಹೆಬ್ಬೆರಳು ತೆಗೆದಳು. ನಾನು ತೋರಿಸಿದೆ, ಅವಳು ಕಾಣಲಿಲ್ಲ ಎಂದು ಬಹಳ ದಿನ ತನಗೆ ತಾನೇ ಹೇಳಿಕೊಂಡಳು. ಅದು ನೆವ ಎಂದು ಅವಳಿಗೆ ಗೊತ್ತಿತ್ತು.

ಅದಾದ ಮೂರು ವರ್ಷಕ್ಕೆ ಅವಳ ಕೆಲಸದ ವಯಸ್ಸು ಮುಗಿಯಿತು. ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಗಂಡ ಅದನ್ನು ಬಿಚ್ಚಿ ನೋಡಿ, "ಇದರ ಆಯಸ್ಸು ನನ್ನಷ್ಟೂ ಇಲ್ಲ," ಎಂದ.

ಮನೆಗೆ ಸೊಸೆ ಬಂದಿದ್ದಳು. ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು. ಏನು ಕೊಂಡರೂ ಮೊದಲು ಹಿಂಭಾಗ ಓದುವ ಅಭ್ಯಾಸ. ಸೋಪಿನ ಪೊಟ್ಟಣವನ್ನೂ ಬಿಡುತ್ತಿರಲಿಲ್ಲ. "ಮದುವೆ ಆಗೋಕೆ ಮುಂಚೆ ನಮ್ಮ ಹುಡುಗನ್ನೂ ತಿರುಗಿಸಿ ಓದಿದ್ಯೇನಮ್ಮಾ?" ಎಂದು ಮಾವ ರೇಗಿಸುತ್ತಿದ್ದ. "ಓದಿದ್ದೆ ಮಾವ. ಸಣ್ಣ ಅಕ್ಷರದಲ್ಲಿದ್ದದ್ದು ಕಣ್ಣಿಗೆ ಬೀಳ್ಲಿಲ್ಲ," ಎನ್ನುತ್ತಿದ್ದಳು.

ಮೊಮ್ಮಗಳಿಗೆ ಎಂಟು ತಿಂಗಳಾದಾಗ ಸೊಸೆ ಒಂದು ಬಿಳಿ ಫ್ರಾಕು ತಂದಳು. "ಸ್ವಲ್ಪ ದುಬಾರಿ ಅತ್ತೆ. ಆದ್ರೆ ಅಗ್ಗದ್ದು ತರೋಕೆ ಮನಸ್ಸು ಬರ್ಲಿಲ್ಲ. ಯಾರನ್ನ ಹಿಂಡಿ ಹೊಲಿಸಿರ್ತಾರೋ ಏನೋ. ಇವರು ಹೊಲಿಯೋರನ್ನ ಚೆನ್ನಾಗಿ ನೋಡ್ಕೋತಾರಂತೆ. ನೋಡಿ, ಕಾರ್ಡು ಕಟ್ಟಿದ್ದಾರೆ."

ಫ್ರಾಕಿನ ತೋಳಿಗೆ ದಾರದಲ್ಲಿ ಒಂದು ಪುಟ್ಟ ಕಾರ್ಡು ನೇತಾಡುತ್ತಿತ್ತು. ನಿಮ್ಮ ಮಗುವಿನ ಬಗ್ಗೆ, ಹೊಲಿದ ಕೈಗಳ ಬಗ್ಗೆ ನಮಗೆ ಸಮಾನ ಕಾಳಜಿ ಎಂದು ಬರೆದಿತ್ತು. ಕೆಳಗೊಂದು ಚಿತ್ರ. ಬಿಳಿ ಪುಟ, ಟೇಪಿನಡಿ ಮೂರು ಚೂರು ಸೂಜಿ, ಅಚ್ಚಿನಂಥ ಅಕ್ಷರ. ಅಂಚಿನಲ್ಲಿ ಒಂದು ಹೆಬ್ಬೆರಳು.

ಸೂಜಿಯಕ್ಕ ತನ್ನ ಹೆಬ್ಬೆರಳನ್ನು ಗುರುತು ಹಿಡಿದಳು. ಉಗುರಿನ ಮೇಲಿದ್ದ ಸೀಳು ಕೂಡ ಚಿತ್ರದಲ್ಲಿ ಬಂದಿತ್ತು.

"ಇದು ನಿಮ್ಮ ಅಕ್ಷರದ ಹಾಗೇ ಇದೆಯಲ್ಲ ಅತ್ತೆ!" ಎಂದು ಸೊಸೆ ಸಂಭ್ರಮಪಟ್ಟಳು. ಮಗುವಿಗೆ ಫ್ರಾಕು ತೊಡಿಸಲು ಹೋದವಳ ಕೈಯಿಂದ ಸೂಜಿಯಕ್ಕ ಅದನ್ನು ಕಿತ್ತುಕೊಂಡಳು. ಆಮೇಲೆ, ಕೂತಲ್ಲೇ, ಎಲ್ಲವನ್ನೂ ಹೇಳಿದಳು. ಅಳಲಿಲ್ಲ. ರಿಜಿಸ್ಟರು ಓದುವವಳ ಹಾಗೆ ತಾರೀಕು, ಹೊತ್ತು, ಯಂತ್ರದ ಸಂಖ್ಯೆ ಸಮೇತ ಹೇಳಿದಳು.

ಸೊಸೆ ಮಗುವನ್ನೆತ್ತಿಕೊಂಡಳು. "ನಾನು ಇದನ್ನ ಓದಿ ನಂಬಿ ತಂದೆನಲ್ಲ ಅತ್ತೆ," ಎಂದಳು. ಗಂಡ ಮಾತ್ರ, "ನನ್ನ ಚಿಮಟ ಮನೆಯಲ್ಲೇ ಇತ್ತಲ್ಲೇ," ಎಂದ. ಆ ವಾರವೆಲ್ಲ ಅವನು ಚೇಷ್ಟೆಯ ಮಾತೇ ಆಡಲಿಲ್ಲ.

ನೆರಿಗೆ ಈಗ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಇಸ್ತ್ರಿ ಅಂಗಡಿ ಇಟ್ಟಿದ್ದಳು. ಸೂಜಿಯಕ್ಕ ಹೋದಾಗ ಅವಳು ಒಂದು ಅಂಗಿಯ ಕಾಲರು ತೀಡುತ್ತಿದ್ದಳು. ಒಂದು ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ, ಇನ್ನೊಂದು ಕೈ ಬಟ್ಟೆಯ ಮಡಿಕೆಯ ಅಡಿಯಲ್ಲಿ. ಸೂಜಿಯಕ್ಕ ಕೈಗಳ ಕಡೆ ನೋಡಲಾರದೆ ಅವಳ ಹಿಂದಿನ ಕಪಾಟನ್ನು ನೋಡುತ್ತ ನಿಂತಳು.

"ಓಹೋ, ಸೂಜಿ ಬಂತು ಸೂಜಿ! ಏನಕ್ಕಾ, ದಾರಿ ತಪ್ತಾ?"

"ನಿನ್ನನ್ನೇ ನೋಡೋಕೆ ಬಂದೆ ಕಣೇ. ಒಂದು ಮಾತು ಹೇಳ್ಬೇಕಿತ್ತು. ಆ ತುದಿ..."

"ಹದಿನಾಲ್ಕರದು," ಎಂದಳು ನೆರಿಗೆ, ಕಾಲರಿನಿಂದ ಕಣ್ಣೆತ್ತದೆ. "ಅವತ್ತೇ ಗೊತ್ತಿತ್ತು. ಅರ್ಜೆಂಟಪ್ಪ ಪುಟ ತೆಗೆದು ಮುಖಕ್ಕೆ ಹಿಡಿದ ಕೂಡಲೇ ಕಂಡೆ. ಏಳು ವರ್ಷ ಒಂಬತ್ತರಲ್ಲಿ ಹೊಲಿದವಳಿಗೆ ಕಾಣಲ್ವಾ?"

"ಮತ್ತೆ ಅಲ್ಲೇ ಬಾಯಿ ಯಾಕೆ ಬಿಡ್ಲಿಲ್ಲ?"

"ನೀವು ಎದುರಿಗೇ ನಿಂತಿದ್ರಲ್ಲ. ನೀವು ಹೇಳ್ತೀರಿ ಅಂದ್ಕೊಂಡೆ. ನಾನು ಹೇಳಿದ್ರೆ ನೀವು ಕಳ್ಳಿ ಆಗ್ತಿದ್ರಿ ಅಕ್ಕಾ. ನೀವಾಗೇ ಹೇಳಿದ್ರೆ ಬರೀ ತಪ್ಪು ಮಾಡಿದವರು ಆಗ್ತಿದ್ರಿ. ಗಡಿಯಾರ ನೋಡ್ತಾ ಕಾದೆ. ನಾಲ್ಕು ನಿಮಿಷ." ಅವಳು ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿಟ್ಟಳು. "ಹೊರಗೆ ಬಂದ ಮೇಲೆ ಹೇಳಿದ್ರೆ ಯಾರು ನಂಬ್ತಾರೆ? ಸುಳ್ಳಿ ಅಂತ ಹಣೆಗೆ ಬರೆದಾಗಿತ್ತಲ್ಲ. ಬೇರೆ ಎರಡು ಕಾರ್ಖಾನೆಯವರೂ ಅದೇ ಮಾತು ಹೇಳಿ ಗೇಟಿಂದ ಕಳಿಸಿದ್ರು."

ಸೂಜಿಯಕ್ಕ ಕಾರ್ಡು ತೋರಿಸಿದಳು. ನೆರಿಗೆ ಅದನ್ನು ಓದಿ ಗಟ್ಟಿಯಾಗಿ ನಕ್ಕಳು. "ನನ್ನ ಬೆರಳು ಹೋಗಿ ನಿಮ್ಮ ಬೆರಳು ದೇಶ ಸುತ್ತಿದೆಯಲ್ಲಕ್ಕಾ!" ನಗು ನಿಂತ ಮೇಲೆ, "ಇದರಲ್ಲಿ ವಿಳಾಸ ಇದೆ. ಬರೆಸಿ. ಬೆರಳು ವಾಪಸ್ ಬೇಡ, ಸುಳ್ಳಿ ಅನ್ನೋ ಮಾತು ವಾಪಸ್ ತಗೊಳ್ಳಿ ಅಂತ ಬರೆಸಿ," ಎಂದಳು.

ಸೊಸೆ ಕಾಗದ ಬರೆದು, ಸಾಕ್ಷಿಗೆಂದು ಆ ಕಾರ್ಡನ್ನೂ ಜೊತೆಗಿಟ್ಟಳು. "ನಿಮ್ಮ ಹೆಸರು ಹಾಕ್ಲಾ ಅತ್ತೆ?" ಎಂದು ಕೇಳಿದಾಗ ಸೂಜಿಯಕ್ಕ, "ಹಾಕು. ಆ ಪುಟದಲ್ಲಿ ಸಹಿ ನನ್ನದೇ," ಎಂದಳು.

ಉತ್ತರ ಬಂದದ್ದು ಏಳು ವಾರಕ್ಕೆ. ಸೌಜನ್ಯದ ಕಾಗದ. ತಾವು ಬರೆದದ್ದಕ್ಕೆ ಆಭಾರಿಗಳು. ಆ ಕಾರ್ಖಾನೆಯಿಂದ ನಾವು ಬಟ್ಟೆ ತರಿಸುವುದನ್ನು ಈ ವರ್ಷದ ಆರಂಭದಲ್ಲೇ ನಿಲ್ಲಿಸಿದ್ದೇವೆ, ಅಲ್ಲಿನ ಹಳೆಯ ದಾಖಲೆಗಳು ನಮ್ಮ ಬಳಿ ಇಲ್ಲ. ತಮ್ಮ ಮಾತಿಗೆ ಬೆಲೆ ಕೊಟ್ಟು ಆ ಚಿತ್ರವನ್ನು ಕಾರ್ಡಿನಿಂದ ತೆಗೆದುಹಾಕಿದ್ದೇವೆ. ಸೊಸೆ ಅಂಗಡಿಗೆ ಹೋಗಿ ನೋಡಿ ಬಂದಳು. ಹೊಸ ಕಾರ್ಡಿನಲ್ಲಿ ಅರಳಿದ ಹತ್ತಿಯ ಚಿತ್ರವಿತ್ತು. ಕಾರ್ಖಾನೆಯಲ್ಲಿ ವಿಚಾರಿಸಿದರೆ ಐದು ವರ್ಷ ದಾಟಿದ ರಿಜಿಸ್ಟರುಗಳನ್ನು ರದ್ದಿಗೆ ಹಾಕಿದ್ದೇವೆ ಎಂದರು.

ಜಗತ್ತಿನಲ್ಲಿ ಆ ಸುಳ್ಳಿಗೆ ಉಳಿದಿದ್ದ ಒಂದೇ ಸಾಕ್ಷಿ ಆ ಚಿತ್ರ. ಸೂಜಿಯಕ್ಕ ಬಾಯಿ ಬಿಟ್ಟದ್ದರಿಂದ ಅದೂ ಹೋಯಿತು.

ಅಂದು ಮಧ್ಯಾಹ್ನ ಅವಳು ಸೊಸೆಯ ಬಳಿ ಒಂದು ಬಿಳಿ ಹಾಳೆ ಕೇಳಿ ತೆಗೆದುಕೊಂಡಳು. ಸ್ಕೇಲು ಹಿಡಿದು ಹಳೆಯ ರಿಜಿಸ್ಟರಿನ ಹಾಗೆಯೇ ಚೌಕ ಚೌಕದ ಮನೆಗಳನ್ನು ಎಳೆದಳು. ತಾರೀಕು, ಹೊತ್ತು, ಯಂತ್ರದ ಸಂಖ್ಯೆ. ಸೂಜಿಯ ನಂಬರು ಒಂಬತ್ತು. ಚೂರು ಮೂರು. ಸಿಕ್ಕಿದ್ದು ಎರಡು. ಮೂರನೆಯದು ಎಲ್ಲಿ ಎಂದು ಬರೆಯಲು ಆ ರಿಜಿಸ್ಟರಿನಲ್ಲಿ ಮನೆಯೇ ಇರಲಿಲ್ಲ. ಹೊಸದೊಂದು ಮನೆ ಎಳೆದು ಬರೆದಳು. ಹೊಲಿದವಳ ಬಲಗೈ ತೋರುಬೆರಳಿನಲ್ಲಿ ಉಳಿದಿತ್ತು. ಅದು ತಿಳಿದೂ ನಾನು ಬೇರೆ ತುದಿ ಅಂಟಿಸಿ ಸುಳ್ಳು ಬರೆದೆ. ಅವಳು ಹೇಳಿದ್ದು ನಿಜ. ಸಹಿ ಹಾಕಿದಳು. ಮೂರು ಪ್ರತಿ ಮಾಡಿಸಿ, ಒಂದನ್ನು ಕಾರ್ಖಾನೆಗೆ, ಇನ್ನೆರಡನ್ನು ನೆರಿಗೆಯನ್ನು ಗೇಟಿನಿಂದ ಕಳಿಸಿದ್ದ ಎರಡು ಕಾರ್ಖಾನೆಗಳಿಗೆ ಕಳಿಸುವುದೆಂದುಕೊಂಡಳು. ಕಳಿಸುವ ಮುಂಚೆ ನೆರಿಗೆ ಓದಬೇಕಲ್ಲ ಎಂದು ಹಾಳೆಯನ್ನು ಮಡಿಸಿ ಇಸ್ತ್ರಿ ಅಂಗಡಿಗೆ ಕೊಂಡುಹೋದಳು.

ನೆರಿಗೆ ಹಾಳೆ ಬಿಡಿಸಿ ಇಸ್ತ್ರಿ ಮೇಜಿನ ಮೇಲೆ ಹರವಿ ನಿಧಾನವಾಗಿ ಓದಿದಳು. ಓದಿ ಮುಗಿಸಿ ತುಸು ಹೊತ್ತು ಅಕ್ಷರಗಳನ್ನೇ ನೋಡುತ್ತಿದ್ದಳು.

"ಈಗಲೂ ಅಚ್ಚಿನ ಹಾಗೇ ಬರೀತೀರಿ ಅಕ್ಕಾ," ಎಂದಳು. ಆಮೇಲೆ ತನ್ನ ಎಡಗೈಯನ್ನು ಹಾಳೆಯ ಮೇಲೆ ಊರಿದಳು. ತೋರುಬೆರಳು ಮೊದಲ ಗೆಣ್ಣಿಗೇ ನಿಂತಿತ್ತು. ತುದಿಯ ಚರ್ಮ ಹೊಲಿದು ಮುಚ್ಚಿದ ಚೀಲದ ಬಾಯಿಯ ಹಾಗೆ ಸುಕ್ಕಾಗಿತ್ತು. "ಬಲಗೈ ಅಲ್ಲ, ಎಡಗೈ. ಸೂಜಿ ಹತ್ರ ಇರೋದು ಎಡಗೈ ತಾನೇ? ನೀವು ಕಿಂಡಿಯ ಆಚೆಯಿಂದ ನೋಡಿದ್ರಲ್ಲ, ನಿಮ್ಮ ಬಲಕ್ಕೆ ಕಂಡಿರುತ್ತೆ."

ಸೂಜಿಯಕ್ಕ ಆ ಕೈಯನ್ನು ನೋಡಿದಳು. ಆರು ವರ್ಷದಲ್ಲಿ ಮೊದಲ ಸಲ ನೋಡಿದಳು.

"ಇರ್ಲಿ ಬಿಡಿ, ಮನೆಯಲ್ಲಿ ಬೇರೆ ಹಾಳೆ ಬರೀರಿ," ಎಂದಳು ನೆರಿಗೆ.

"ಬೇಡ. ಪೆನ್ನಿದೆಯೇನೇ?"

ನೆರಿಗೆ ಬಟ್ಟೆಗೆ ಗುರುತು ಹಾಕುವ ಪೆನ್ನನ್ನು ಕೊಟ್ಟಳು. ಸೂಜಿಯಕ್ಕ ಬಲಗೈ ಎಂಬ ಮಾತಿನ ಮೇಲೆ ಒಂದು ಗೀಟು ಎಳೆದು, ಪಕ್ಕದಲ್ಲಿ ಎಡಗೈ ಎಂದು ಬರೆದು, ಕ್ರಮದಂತೆ ಇನ್ನೊಂದು ಸಹಿ ಹಾಕಿದಳು. ಪೆನ್ನಿನ ಮೊನೆ ದಪ್ಪ, ಗೀಟು ಎದ್ದು ಕಾಣುತ್ತಿತ್ತು.